ಒಂದು ‘ಲೋಡ್’ ಅರ್ಥಗಳು

ಬಿ.ಇ. ಮೊದಲ ವರ್ಷದ ವೈವಾ. ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, ‘ವಾಟ್ ಈಸ್ ಲೋಡ್?’ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಕೇಳಿದ ಕೂಡಲೇ ಧೈರ್ಯ ಬಂತು. ಯಾಕೆಂದರೆ ಆ ಪದ ಬುದ್ಧಿ ಬಂದಾಗಿನಿಂದಲೂ ಗೊತ್ತು. ‘ಲಾರಿಗೆ ತುಂಬುವ ಮಾಲು ಸರ್’ ಎಂದುಬಿಟ್ಟೆ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಪರೀಕ್ಷಕರೂ ನಕ್ಕು ಮುಂದಿನವನನ್ನು ಕರೆದರು.

ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮಪ್ಪ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ. ‘ಇವತ್ತು ಎರಡು ಲೋಡ್ ಇಳಿಸಿದ್ವಿ’ ಎಂಬುದು ನಮ್ಮ ಮನೆಯ ಸಂಜೆಯ ಸುದ್ದಿ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಎಲ್ಲವನ್ನೂ ಲೆಕ್ಕ ಹಾಕುವುದು ಲೋಡಿನಲ್ಲೇ. ಹೊಸಪೇಟೆ–ಚಿತ್ರದುರ್ಗ ಹೆದ್ದಾರಿ ಕೂಡ್ಲಿಗಿಯ ಮೇಲೆಯೇ ಹಾದುಹೋಗುವುದರಿಂದ ಅಲ್ಲಿಯವರಿಗೆ ಲೋಡ್ ಎಂದರೆ ಅದಿರು ಲಾರಿ. ಹರಪನಹಳ್ಳಿ ಕಡೆಯ ರೈತರಿಗೆ ಲೋಡ್ ಎಂದರೆ ಕರೆಂಟು: ‘ಲೋಡ್ ಜಾಸ್ತಿ ಆಗೈತಿ, ಅದ್ಕೇ ಟಿ.ಸಿ ಸುಟ್ಟೈತಿ.’ ಹಗರಿಬೊಮ್ಮನಹಳ್ಳಿಯಲ್ಲಿ ಓದುವ ಗೆಳೆಯನಿಗೆ ಮೊಬೈಲ್ ಪರದೆಯ ಮೇಲೆ ಗಿರಗಿರ ತಿರುಗುವ ಚಕ್ರವೇ ಲೋಡ್. ಹಡಗಲಿಯ ಪರಿಚಯದ ಅತಿಥಿ ಉಪನ್ಯಾಸಕರೊಬ್ಬರಿಗೆ ಅದು ‘ವರ್ಕ್‌ಲೋಡ್’. ಅದು ಇದ್ದರೆ ಸಂಬಳ, ಇಲ್ಲದಿದ್ದರೆ ಮನೆ.

ವೈವಾದ ನಗು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಗ್ರಂಥಾಲಯದಲ್ಲಿ ದೊಡ್ಡ ಇಂಗ್ಲಿಷ್ ನಿಘಂಟು ತೆಗೆದು ನೋಡಿದೆ. ಆಶ್ಚರ್ಯ ಕಾದಿತ್ತು. ಹಳೆಯ ಇಂಗ್ಲಿಷಿನಲ್ಲಿ ಇದು ‘ಲಾಡ್’. ಅರ್ಥ ಭಾರವಲ್ಲ, ದಾರಿ, ಪ್ರಯಾಣ, ಸಾಗಣೆ. ದಾರಿಯಲ್ಲಿ ಸಾಗಿಸುವ ವಸ್ತುವಿಗೇ ಆ ಹೆಸರು ಅಂಟಿಕೊಂಡು, ಬರಬರುತ್ತಾ ಭಾರ ಎಂದಾಯಿತು. ದಾರಿ ತೋರುವ ಧ್ರುವನಕ್ಷತ್ರಕ್ಕೆ ‘ಲೋಡ್‌ಸ್ಟಾರ್’ ಎನ್ನುವುದು ಆ ಹಳೆಯ ಅರ್ಥದಿಂದಲೇ. ನೆಲದೊಳಗೆ ಹರಿದಿರುವ ಅದಿರಿನ ಪದರಕ್ಕೂ ಲೋಡ್ ಎನ್ನುತ್ತಾರೆ, ಕಾಗುಣಿತ ಮಾತ್ರ ಬೇರೆ. ಅಂದರೆ ಗಣಿಯೊಳಗಿನ ಅದಿರಿನ ಸಾಲೂ ಲೋಡ್, ಅದನ್ನು ಹೊತ್ತು ಕೂಡ್ಲಿಗಿ ದಾಟುವ ಲಾರಿಯ ಮಾಲೂ ಲೋಡ್! ನನ್ನ ಉತ್ತರ ತಪ್ಪಾಗಿರಲಿಲ್ಲ, ಅರ್ಧ ಮಾತ್ರ ಆಗಿತ್ತು.

ಉಳಿದರ್ಧ ನಿಧಾನವಾಗಿ ಸಿಕ್ಕಿತು. ಸಿವಿಲ್‌ನವರಿಗೆ ಕಟ್ಟಡದ ಸ್ವಂತ ತೂಕ ‘ಡೆಡ್ ಲೋಡ್’, ಅದರಲ್ಲಿ ಓಡಾಡುವ ಜನ ಮತ್ತು ಸಾಮಾನು ‘ಲೈವ್ ಲೋಡ್’, ಗಾಳಿಯ ಒತ್ತಡ ‘ವಿಂಡ್ ಲೋಡ್’. ಎಲೆಕ್ಟ್ರಿಕಲ್‌ನವರಿಗೆ ಬಲ್ಬು, ಮೋಟರು ಹೀಗೆ ವಿದ್ಯುತ್ ಬಳಸುವ ಯಾವುದೇ ಸಾಧನ ಲೋಡ್. ಕಂಪ್ಯೂಟರ್‌ನವರಿಗೆ ಪ್ರೋಗ್ರಾಂ ಅನ್ನು ಮೆಮೊರಿಗೆ ತರುವುದು ಲೋಡ್. ಪ್ರತಿಯೊಂದರಲ್ಲೂ ಒಂದು ಸಂಗತಿ ಸಾಮಾನ್ಯ: ಲೋಡ್ ಇದೆ ಎಂದರೆ ಅದನ್ನು ಹೊರುವುದು ಒಂದು ಇರಲೇಬೇಕು.

ಇದನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ನಮ್ಮ ಸೀಮೆಯೇ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ತೇರು ರಥೋತ್ಸವದ ವೇಳೆಯೇ ಉರುಳಿಬಿತ್ತು. ನಾನಾಗ ಸಣ್ಣವ. ನಿಂತ ತೇರಿನ ಭಾರ ಬೇರೆ, ಎಳೆಯುವಾಗ ಓಲಾಡುವ ತೇರು ಗಾಲಿ–ಅಚ್ಚಿನ ಮೇಲೆ ಹಾಕುವ ಭಾರ ಬೇರೆ ಎಂಬುದು ಅರ್ಥವಾದದ್ದು ಎಂಜಿನಿಯರಿಂಗ್ ಸೇರಿದ ಮೇಲೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೇಟಿನ ಮೇಲಿನ ಒತ್ತಡ ಹಿಂದೆ ಎಷ್ಟು ಮೈಲಿ ನೀರು ನಿಂತಿದೆ ಎಂಬುದರಿಂದ ಬರುವುದಿಲ್ಲ. ಗೇಟಿಗೆ ತಾಗಿದ ನೀರಿನ ಆಳದಿಂದ ಬರುತ್ತದೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಅದನ್ನು ಮುಚ್ಚಿದ ಸುದ್ದಿಯನ್ನು ನಾವು ಹಾಸ್ಟೆಲಿನಲ್ಲಿ ಉಸಿರು ಬಿಗಿಹಿಡಿದು ನೋಡಿದೆವು.

ಇನ್ನು ಸಮಾನಾರ್ಥಕ ಪದಗಳು. ವೇಯ್ಟ್, ಬರ್ಡನ್, ಕಾರ್ಗೊ, ಫ್ರೇಟ್, ಚಾರ್ಜ್. ಎಲ್ಲಕ್ಕೂ ‘ಭಾರ’ ಎಂದು ಬಾಯಿಪಾಠ ಮಾಡಿದರೆ ಕೆಟ್ಟೆವು. ವೇಯ್ಟ್ ಎಂದರೆ ತೂಕ ಮಾತ್ರ, ಯಾರೂ ಹೊರದಿದ್ದರೂ ಅದು ಇರುತ್ತದೆ. ಕಾರ್ಗೊ ಹಡಗು, ವಿಮಾನ, ಲಾರಿಗಳ ಸರಕು. ಫ್ರೇಟ್ ಸರಕೂ ಹೌದು, ಸಾಗಣೆಯ ಬಾಡಿಗೆಯೂ ಹೌದು. ಚಾರ್ಜ್ ಪದದ ಮೂಲ ‘ಬಂಡಿಗೆ ಹೇರು’ ಎಂಬ ಲ್ಯಾಟಿನ್ ಕ್ರಿಯಾಪದ. ಫೋನ್ ಚಾರ್ಜ್, ಬಸ್ ಚಾರ್ಜ್, ಚಾರ್ಜ್‌ಶೀಟ್, ಇನ್‌ಚಾರ್ಜ್ ಎಲ್ಲವೂ ಆ ಒಂದೇ ಬಂಡಿಯಿಂದ ಇಳಿದವು. ಕನ್ನಡವೂ ಕಡಿಮೆಯೇನಲ್ಲ. ಹುಲ್ಲಿಗೆ ಹೊರೆ, ಎತ್ತಿನ ಬೆನ್ನಿಗೆ ಹೇರು, ಕಾಳಿಗೆ ಮೂಟೆ, ತಲೆಗೆ ಹೊಣೆ.

ಈ ಹೊಣೆಯ ವಿಷಯದಲ್ಲೇ ನಾನು ಎಡವಿದ್ದು. ಕಳೆದ ಸೆಮಿಸ್ಟರ್‌ನಲ್ಲಿ ನಮಗೆ ಅಣಕು ಸಂದರ್ಶನ ಇತ್ತು. ‘ಈ ಕೆಲಸ ನಿನಗೆ ಯಾಕೆ ಬೇಕು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ‘ಮನೆಯ ಭಾರ ನನ್ನ ಮೇಲಿದೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಹಾಗೇ ಇಂಗ್ಲಿಷಿಗೆ ತಿರುಗಿಸಿದೆ: ‘ಮೈ ಫ್ಯಾಮಿಲಿ ಈಸ್ ಎ ಬರ್ಡನ್ ಆನ್ ಮಿ.’ ಸಂದರ್ಶಕರು ಪೆನ್ನು ಕೆಳಗಿಟ್ಟು ಕೇಳಿದರು, ‘ನಿನ್ನ ತಂದೆ ನಿನಗೆ ಹೊರೆಯಾ?’

ನನಗೆ ಮಾತೇ ಹೊರಡಲಿಲ್ಲ. ಕನ್ನಡದಲ್ಲಿ ‘ಮನೆಯ ಭಾರ ಹೊತ್ತಿದ್ದೇನೆ’ ಎಂಬ ಮಾತಿನಲ್ಲಿ ಹೆಮ್ಮೆ ಇದೆ. ಇಂಗ್ಲಿಷಿನ ‘ಬರ್ಡನ್’ನಲ್ಲಿ ಇರುವುದು ದೂರು, ಹೊರುವವನಿಗೆ ಬೇಡವಾದ ಭಾರ ಅದು. ನಾನು ಹೇಳಬೇಕಿದ್ದದ್ದು ‘ರೆಸ್ಪಾನ್ಸಿಬಿಲಿಟಿ’. ಎರಡು ಪದಗಳ ನಡುವಿನ ಕೂದಲೆಳೆಯ ಅಂತರದಲ್ಲಿ ನಾನು ಅಪ್ಪನನ್ನೇ ಬೇಡದ ಮೂಟೆ ಮಾಡಿಬಿಟ್ಟಿದ್ದೆ. ದುಡಿಯುವ ಗಂಡಸು ಕೈಯಾರೆ ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಅಪ್ಪ ಕ್ವಿಂಟಲ್ ಚೀಲವನ್ನೂ ಬೆನ್ನಿಗೆ ಹಾಕಿಕೊಂಡವರು. ನನ್ನ ಫೀಸು ಆ ಬೆನ್ನಿನ ಮೇಲೇ ಬಂದದ್ದು.

ಗೆಳೆಯರೇ, ಕೆಲಸ ಹುಡುಕುವಾಗ ದಿನಕ್ಕೆ ಐವತ್ತು ಹೊಸ ಪದ ಉರು ಹೊಡೆಯಬೇಡಿ. ನಿಮ್ಮೂರಿನವರು ಈಗಾಗಲೇ ಆಡುವ ಲೈನ್, ಸೆಟ್, ಪಾಯಿಂಟ್, ಚಾರ್ಜ್‌ನಂಥ ಒಂದು ಪದ ಹಿಡಿಯಿರಿ. ಅದು ಎಲ್ಲೆಲ್ಲಿ ಏನಾಗುತ್ತದೆ, ಅದರ ನೆಂಟರು ಯಾರು, ಯಾವ ನೆಂಟನನ್ನು ಎಲ್ಲಿ ಕೂರಿಸಬಾರದು ಎಂದು ಬರೆದಿಡಿ. ಹೀಗೆ ಬಂದ ಪದ ಸಂದರ್ಶನದ ಗಾಬರಿಯಲ್ಲೂ ಕೈಬಿಡುವುದಿಲ್ಲ.

ಮೊನ್ನೆ ಊರಿಗೆ ಹೋದಾಗ ಅಪ್ಪ ನನ್ನ ಮೊಬೈಲ್ ಇಣುಕಿ ‘ಅದೇನಪ್ಪ ಡೌನ್‌ಲೋಡ್ ಅಂದ್ರ?’ ಎಂದು ಕೇಳಿದರು. ‘ಮೇಲಿಂದ ಇಳಿಸಿಕೊಳ್ಳೋದು’ ಎಂದೆ. ‘ಹಂಗಾದ್ರ ನಂದೂ ಅದೇ ಕೆಲಸ ಬಿಡು’ ಎಂದು ಜೋರಾಗಿ ನಕ್ಕರು. ವೈವಾದ ನಗುವಿನ ಹಾಗೆ ಇದು ಚುಚ್ಚಲಿಲ್ಲ. ನಾನೂ ಜೊತೆಗೆ ನಕ್ಕೆ.