ಪದವು ಪಾಳಲ್ಲ



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ 'ಪ' ಅಕ್ಷರದ ಪದಗಳನ್ನು ಬರೆಯುತ್ತಿದ್ದೆವು. ಪದವು, ಪಾತ್ರೆ, ಪಾಳು. ಆಗ ಒಬ್ಬಳು ಕೇಳಿದಳು: "ಟೀಚರೇ, ಪದವು ಅಂದ್ರೂ ಪಾಳು ಅಂದ್ರೂ ಒಂದೇ ಅಲ್ವಾ?"

ಮೂಲೆಯಲ್ಲಿ ಕೂತಿದ್ದ ಅಜ್ಜಿ ತಟ್ಟನೆ ಹೇಳಿದರು: "ಪಾಳು ಹೇಗಾಗ್ತದೆ? ನಮ್ಮ ನಾಲ್ಕು ದನ ಅಲ್ಲಿ ಮೇದೇ ಬೆಳೆದದ್ದು. ಮಾಡಿಗೆ ಮುಳಿಹುಲ್ಲು ಅಲ್ಲಿಂದಲೇ ಬಂದದ್ದು."

ಅಜ್ಜಿ ಹೇಳಿದ್ದು ಸರಿ. ಏಕೆ ಸರಿ ಎಂದು ಈ ಪಾಠದಲ್ಲಿ ತಿಳಿಯೋಣ.

ಪದವು ಎಂದರೇನು?

ಉಡುಪಿ, ಕಾಪು, ಕಾರ್ಕಳದ ಕಡೆ ಗುಡ್ಡದ ಮೇಲೆ ಚಪ್ಪಟೆಯಾದ ಕೆಂಪು ಬಯಲು ಇರುತ್ತದೆ. ಮರ ಕಡಿಮೆ. ಕಲ್ಲು ಮತ್ತು ಹುಲ್ಲು ಹೆಚ್ಚು. ಇದೇ ಪದವು. ಕೆಲವರು ಪಾರೆ ಎನ್ನುತ್ತಾರೆ. ಮಣಿಪಾಲ ಊರು ನಿಂತಿರುವುದೂ ಇಂಥ ಕೆಂಪು ಗುಡ್ಡದ ಮೇಲೆಯೇ.

ಕಾರ್ಕಳದ ಗೊಮ್ಮಟನನ್ನು ನೋಡಿದ್ದೀರಲ್ಲ? 1432ರಲ್ಲಿ ನಿಲ್ಲಿಸಿದ ಮೂರ್ತಿ ಅದು. ಆ ಬೆಟ್ಟದ ಕಲ್ಲು ಬಹಳ ಗಟ್ಟಿ. ಪದವಿನ ಕಲ್ಲು ಹಾಗಲ್ಲ. ಇದು ಮುರಕಲ್ಲು. ದೋಸೆಯ ಮೇಲೆ ಕಣ್ಣು ಕಣ್ಣು ಇರುವ ಹಾಗೆ ಇದರ ತುಂಬ ತೂತು. ನೆಲದಲ್ಲಿ ಇರುವಾಗ ಮೆತ್ತಗೆ. ಕಡಿದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ.

ಲಕ್ಷಾಂತರ ವರ್ಷಗಳ ಮಳೆ ಹಳೆಯ ಬಂಡೆಯ ಸಾರವನ್ನು ತೊಳೆದುಕೊಂಡು ಹೋಯಿತು. ಕಬ್ಬಿಣದ ಅಂಶ ಉಳಿಯಿತು. ಒದ್ದೆ ಕಾವಲಿಗೆ ತುಕ್ಕು ಹಿಡಿದರೆ ಕೆಂಪಾಗುತ್ತದಲ್ಲ? ಕಲ್ಲೂ ಹಾಗೆಯೇ ಕೆಂಪಾಯಿತು. ಇಂಗ್ಲಿಷಿನಲ್ಲಿ ಇದನ್ನು ಲ್ಯಾಟರೈಟ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು. 1801ರಲ್ಲಿ ನಮ್ಮ ಸೀಮೆಯಲ್ಲಿ ಓಡಾಡಿದ ಬುಕಾನನ್ ಎಂಬವರು 1807ರ ತಮ್ಮ ಪುಸ್ತಕದಲ್ಲಿ ಈ ಹೆಸರು ಕೊಟ್ಟರು.

ಪದವು ನೀರಿನ ಕೊಡ

ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಪದವಿನ ಮೇಲೆ ಬಿದ್ದ ಮಳೆ ಎಲ್ಲವೂ ಹರಿದು ಹೋಗುವುದಿಲ್ಲ. ಸ್ವಲ್ಪ ಗುಂಡಿಗಳಲ್ಲಿ ನಿಲ್ಲುತ್ತದೆ. ಸ್ವಲ್ಪ ಬಿರುಕಿನಿಂದ, ತೂತಿನಿಂದ ಕೆಳಗೆ ಇಳಿಯುತ್ತದೆ. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣು ಇದೆ. ಬಾವಿ ತೋಡಿದವರನ್ನು ಕೇಳಿ, ಹೇಳುತ್ತಾರೆ. ಶೇಡಿಯೊಳಗೆ ನೀರು ಬೇಗ ಇಳಿಯುವುದಿಲ್ಲ. ಆದ್ದರಿಂದ ಅದರ ಮೇಲೆ ನಿಂತು ಪಕ್ಕಕ್ಕೆ ಜಿನುಗುತ್ತದೆ. ಗುಡ್ಡದ ಬುಡದ ಬಾವಿಗೆ, ತೋಡಿಗೆ ಬರುತ್ತದೆ.

ಕಾಸರಗೋಡಿನ ಕಡೆ ಇದೇ ಮುರಕಲ್ಲಿನಲ್ಲಿ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಜಿನುಗುವ ನೀರನ್ನು ತೋಟಕ್ಕೂ ಮನೆಗೂ ತರುತ್ತಾರೆ.

ಹಾಗಾದರೆ ಯೋಚಿಸಿ. ಪದವಿನ ತಲೆ ಕಡಿದರೆ ಯಾರ ಕೊಡ ಖಾಲಿಯಾಗುತ್ತದೆ?

ಮಳೆ ಬಂದಾಗ ನೋಡಿ

ಬೇಸಗೆಯಲ್ಲಿ ಪದವು ಸತ್ತ ಹಾಗೆ ಕಾಣುತ್ತದೆ. ಸತ್ತಿಲ್ಲ. ಬೀಜಗಳು ಕಲ್ಲಿನ ಸಂದಿಯಲ್ಲಿ ಮಲಗಿರುತ್ತವೆ. ಮೊದಲ ಮಳೆಗೆ ಎಲ್ಲ ಹಸಿರು. ಪದವಿನ ಅಂಚಿನ ಹಾಡಿಯಲ್ಲಿ ನೆಲ ಕೆದಕಿದರೆ ಕಲ್ಲಣಬೆ ಸಿಗುತ್ತದೆ. ಅದನ್ನು ಹೆಕ್ಕುವ ಕೆಲಸ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಆಟಿ ಕಳೆದು ಸೋಣ ಬಂದಾಗ ಪದವಿನಲ್ಲಿ ಪುಟ್ಟ ಪುಟ್ಟ ಹೂಗಳು. ಬಿಳಿ, ನೀಲಿ, ಹಳದಿ. ಇವುಗಳಲ್ಲಿ ಕೆಲವು ಗಿಡಗಳು ಹುಳ ತಿನ್ನುತ್ತವೆ! ನಗಬೇಡಿ, ನಿಜ. ಒಂದು ಗಿಡದ ಎಲೆಯ ಮೇಲೆ ಅಂಟಿನ ಹನಿಗಳು ಇಬ್ಬನಿಯ ಹಾಗೆ ಹೊಳೆಯುತ್ತವೆ. ಕೂತ ಹುಳ ಅಂಟಿಕೊಳ್ಳುತ್ತದೆ. ಇನ್ನೊಂದು ನೀಲಿ ಹೂವಿನ ಗಿಡ. ಇದು ನೀರಿನೊಳಗೆ ಸಾಸಿವೆಗಿಂತ ಸಣ್ಣ ಚೀಲ ಇಟ್ಟು ಹುಳ ಹಿಡಿಯುತ್ತದೆ. ಏಕೆ? ಪದವಿನ ಮಣ್ಣಿನಲ್ಲಿ ಗೊಬ್ಬರದ ಸಾರ ಕಡಿಮೆ. ಹುಳವೇ ಇವಕ್ಕೆ ಗೊಬ್ಬರ.

ಮಹಾರಾಷ್ಟ್ರದ ಸಾತಾರಾ ಹತ್ತಿರ ಕಾಸ್ ಎಂಬ ಪದವು ಇದೆ. ಅಲ್ಲಿಯೂ ಇಂಥದೇ ಹೂಗಳು. 2012ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಜನ ಟಿಕೆಟ್ ತೆಗೆದುಕೊಂಡು ಹೂ ನೋಡುತ್ತಾರೆ. ಕಾರ್ಕಳದ ಮೂಡಣ ದಿಕ್ಕಿನ ಕುದುರೆಮುಖದ ಕಾಡು, ಹುಲ್ಲುಗಾವಲು ಕೂಡ ಅದೇ ವರ್ಷ ಅದೇ ಪಟ್ಟಿಗೆ ಸೇರಿತು. ನಮ್ಮ ಊರಿನ ಪದವಿಗೆ ಅಂಥ ರಕ್ಷಣೆ ಇಲ್ಲ.

ಉಗುರಿನಷ್ಟು ಕಪ್ಪೆ

ಮಣಿಪಾಲದ ಸುತ್ತ ಮಳೆಗಾಲದ ರಾತ್ರಿ ಒಂದು ಸ್ವರ ಕೇಳುತ್ತಿತ್ತು. ಕೇಳಿದವರು ಜೀರುಂಡೆ ಎಂದುಕೊಳ್ಳುವ ಹಾಗಿತ್ತು. ಅದು ಜೀರುಂಡೆ ಅಲ್ಲ, ಕಪ್ಪೆ! ಹೆಬ್ಬೆರಳ ಉಗುರಿನಷ್ಟು ಗಾತ್ರ, ಸುಮಾರು 1.6 ಸೆಂಟಿಮೀಟರ್. ಕಂದು ಮೈ, ಬೆನ್ನಿನ ಮೇಲೆ ಕಪ್ಪು ಗುರುತು.

2013ರಿಂದ 2015ರವರೆಗೆ ವಿಜ್ಞಾನಿಗಳು ನಮ್ಮ ಕಡೆ ಹುಡುಕಾಡಿ, ಇದು ಅದುವರೆಗೆ ಯಾರೂ ಹೆಸರಿಡದ ಕಪ್ಪೆ ಎಂದು ಕಂಡುಕೊಂಡರು. 2016ರಲ್ಲಿ ಮುರಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೋಹೈಲಾ ಲ್ಯಾಟರೈಟ್. ಮುರಕಲ್ಲು ಇರುವ ಕರಾವಳಿಯಲ್ಲಿ ಮಾತ್ರ ಇದು ಸಿಕ್ಕಿದೆ. ಆದ್ದರಿಂದ ಇದನ್ನು ಅಪಾಯದಲ್ಲಿರುವ ಜೀವಿ ಎಂದು ಎಣಿಸಬೇಕು ಎಂದು ಅವರು ಹೇಳಿದರು.

ದೊಡ್ಡ ಕಾಡಿನಲ್ಲಿ ಅಲ್ಲ, ನಮ್ಮ ಮನೆಗಳ ಪಕ್ಕದಲ್ಲೇ ಸಿಕ್ಕಿದ ಹೊಸ ಜೀವಿ ಇದು. ಯಾವುದನ್ನು ಪಾಳು ಎಂದೆವೋ ಅಲ್ಲೇ ಇತ್ತು.

ನೆಲದ ಮೇಲೆ ಮೊಟ್ಟೆ

ಪದವಿನಲ್ಲಿ ನಡೆಯುವಾಗ ಒಂದು ಹಕ್ಕಿ ತಲೆಯ ಮೇಲೆ ಸುತ್ತಿ ಕಿರುಚುತ್ತದೆ ಅಲ್ವಾ? ಅದು ಟಿಟ್ಟಿಭ. ಅದು ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಕಲ್ಲಿನ ಹಾಗೆಯೇ. "ಇಲ್ಲಿ ಬರಬೇಡ, ನನ್ನ ಮಕ್ಕಳಿದ್ದಾರೆ" ಎಂದು ಆ ತಾಯಿ ಕೂಗುತ್ತದೆ. ಜುಟ್ಟಿನ ನೆಲಗುಬ್ಬಿಯೂ ನೆಲದಲ್ಲೇ ಗೂಡು ಮಾಡುತ್ತದೆ. ಮೊಲ, ನರಿ, ನವಿಲು ಮೇವಿಗೆ ಬರುತ್ತವೆ. ನವಿಲನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಆದರೆ ನವಿಲು ಮೇಯುವ ಪದವನ್ನು ಕಾಯುವವರು ಯಾರು?

ಪದವಿಗೆ ಬಂದ ಕಷ್ಟ

ನಮ್ಮ ಮನೆಯ ಗೋಡೆಯೂ ಮುರಕಲ್ಲಿನದೇ. ಕಲ್ಲು ಬೇಡ ಎಂದು ನಾವು ಹೇಳಲಾರೆವು. ಆದರೆ ಮಿತಿ ಬೇಡವೇ? ಒಂದು ಕಡೆ ಕೋರೆ, ಒಂದು ಕಡೆ ಕಟ್ಟಡ, ಇನ್ನೊಂದು ಕಡೆ ಕಸದ ರಾಶಿ. ಕಲ್ಲು ತೆಗೆದು ಬಿಟ್ಟ ಗುಂಡಿಯಲ್ಲಿ ಮಳೆಗಾಲದಲ್ಲಿ ಆಳವಾದ ನೀರು. ಆಡುವ ಮಕ್ಕಳ ಜೀವಕ್ಕೆ ಅಪಾಯ.

"ಮರ ನೆಟ್ಟರೆ ಒಳ್ಳೆಯದಲ್ವಾ?" ಎಂದು ನೀವು ಕೇಳಬಹುದು. ಮರ ಒಳ್ಳೆಯದೇ. ಆದರೆ ಎಲ್ಲ ಜಾಗಕ್ಕೂ ಅಲ್ಲ. ಪದವಿನ ಹುಲ್ಲಿಗೆ, ಹೂವಿಗೆ ಬಿಸಿಲು ಬೇಕು. ಸಾಲಾಗಿ ಅಕೇಶಿಯಾ ನೆಟ್ಟರೆ ಅಡಿಯಲ್ಲಿ ನೆರಳು, ಒಣ ಎಲೆ. ಹುಲ್ಲೂ ಇಲ್ಲ, ನೆಲಗುಬ್ಬಿಯೂ ಇಲ್ಲ.

ನಾವು ಏನು ಮಾಡಬಹುದು?

2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಜೀವವೈವಿಧ್ಯ ಅಂದ್ರೆ ಒಂದು ಜಾಗದ ಬಗೆ ಬಗೆಯ ಗಿಡ, ಹಕ್ಕಿ, ಪ್ರಾಣಿ, ಹುಳ ಎಲ್ಲ. ಈ ಕಾಯ್ದೆಯಂತೆ ಪಂಚಾಯತಿಗೆ ಒಂದು ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿಗಳ ಹೆಸರು ಮತ್ತು ಉಪಯೋಗ ಬರೆದಿಡುವ ಒಂದು ಪುಸ್ತಕವೂ ಇರಬೇಕು. ಗ್ರಾಮಸಭೆಗೆ ಹೋಗಿ. "ಆ ಪುಸ್ತಕ ತೋರಿಸಿ. ನಮ್ಮ ಪದವಿನ ಹೆಸರು ಅದರಲ್ಲಿ ಇದೆಯಾ?" ಎಂದು ಕೇಳಿ. ಇಲ್ಲದಿದ್ದರೆ ಬರೆಸಿ.

ಯಾವ ಹುಲ್ಲು ಮಾಡಿಗೆ, ಯಾವುದು ದನಕ್ಕೆ, ಯಾವ ಸೊಪ್ಪು ಮದ್ದಿಗೆ? ಇದು ಗೊತ್ತಿರುವುದು ನಿಮಗೆ. ಇಷ್ಟು ದಿನ ಅದು ನಿಮ್ಮ ಬಾಯಲ್ಲಿತ್ತು. ಈಗ ನಿಮ್ಮ ಕೈಗೆ ಅಕ್ಷರ ಬಂದಿದೆ. ಬಾಯಲ್ಲಿ ಇದ್ದದ್ದು ಮರೆತು ಹೋಗಬಹುದು. ಕಾಗದದಲ್ಲಿ ಬರೆದದ್ದನ್ನು ಪಾಳು ಎಂದು ತಳ್ಳಿಹಾಕುವುದು ಸುಲಭವಲ್ಲ.

ಅಜ್ಜಿ ಮರುದಿನ ತಮ್ಮ ಸ್ಲೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತಂದರು: ಮುಳಿಹುಲ್ಲು. 'ಳಿ' ಸ್ವಲ್ಪ ವಾರೆಯಾಗಿತ್ತು. ನಾನು ತಿದ್ದಲಿಲ್ಲ.

ಅಭ್ಯಾಸ

1. ನಿಮ್ಮ ಊರಿನ ಪದವಿನ ಹೆಸರೇನು? ಬರೆಯಿರಿ.
2. ಅಲ್ಲಿ ನೀವು ಕಂಡ ಐದು ಗಿಡ ಅಥವಾ ಪ್ರಾಣಿಗಳ ಹೆಸರು ಬರೆಯಿರಿ. ನಿಮ್ಮ ಮನೆಮಾತಿನ ಹೆಸರೇ ಆಗಲಿ.
3. ನಿಮ್ಮ ಅಮ್ಮನ ಕಾಲದಲ್ಲಿ ಇದ್ದು ಈಗ ಕಾಣದ ಒಂದು ಜೀವಿ ಯಾವುದು? ಕೇಳಿ ಬರೆಯಿರಿ.