ಎಸೆದ ಮೇಲೆ ಮುಂದೇನು?

ಟೆಲಿವಿಷನ್ ಪರದೆಯ ಮೇಲೆ ಆಡುವ ಕಾಳಗದ ಆಟಗಳಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಎಂಬುದು ಒಂದು. ಜಪಾನಿನ ನಿಂಟೆಂಡೊ ಕಂಪೆನಿ ಇದನ್ನು ಮೊದಲು ಹೊರತಂದದ್ದು 1999ರಲ್ಲಿ. ಇದನ್ನಾಡುವ ಮಕ್ಕಳು ‘ಹಿಡಿದು ಎಸೆಯುವುದು ಮೋಸ’ ಎಂದು ಜಗಳ ತೆಗೆದದ್ದನ್ನು ನೀವೂ ಕೇಳಿರಬಹುದು. ಮೋಸವೇನೂ ಅಲ್ಲ. ಗುರಾಣಿಯ ಮರೆಯಲ್ಲಿ ನಿಂತವನಿಗೆ ಏಟು ತಾಗದು. ಆದರೆ ಅವನನ್ನು ಹಿಡಿಯಬಹುದು. ಹಿಡಿಯಲು ಕೈಚಾಚಿದವನನ್ನು ಏಟು ಹಾಕಿ ತಡೆಯಬಹುದು. ಆಟ ನಿಂತಿರುವುದೇ ಈ ಮೂರರ ಮೇಲೆ.

ಹಿಡಿದವನನ್ನು ಮುಂದಕ್ಕೆ, ಹಿಂದಕ್ಕೆ, ಮೇಲಕ್ಕೆ, ಕೆಳಕ್ಕೆ ಎಸೆಯಬಹುದು. ಯಾವುದನ್ನು ಆರಿಸಬೇಕು? ಮೊದಲು ಪರದೆಯ ಕೆಳಗಡೆ ಕಾಣುವ ಅವನ ಅಂಕಿಯನ್ನು ನೋಡಿ. ಅದಕ್ಕೆ ಶೇಕಡ ಎಂದು ಹೆಸರು, ಆದರೆ ಅದು 999ರವರೆಗೂ ಏರಬಲ್ಲ ವಿಚಿತ್ರ ಶೇಕಡ! ಪೆಟ್ಟು ತಿಂದಷ್ಟೂ ಅಂಕಿ ಏರುತ್ತದೆ. ಏರಿದಷ್ಟೂ ಆತ ದೂರ ಹಾರುತ್ತಾನೆ. ಪರದೆಯಾಚೆಯ ಗಡಿ ದಾಟಿದನೆಂದರೆ ಒಂದು ಜೀವ ಕಳೆದಂತೆ.

2018ರ ‘ಅಲ್ಟಿಮೇಟ್’ ಆವೃತ್ತಿಯ ಮಾರಿಯೊವನ್ನು ತೆಗೆದುಕೊಳ್ಳಿ. ಎದುರಾಳಿಯ ಅಂಕಿ ಕಡಮೆಯಿದ್ದಾಗ ಮಾರಿಯೊ ಕೆಳಕ್ಕೆ ಎಸೆದರೆ ಆತ ಪುಟಿದು ತಲೆಯ ಬಳಿಯಲ್ಲೇ ಏಳುತ್ತಾನೆ. ಮೇಲ್ಮುಖವಾಗಿ ಒಂದು ಏಟು, ಮತ್ತೊಂದು ಏಟು ಹಾಕಲು ಸಮಯವಿರುತ್ತದೆ. ಅಂಕಿ ಏರಿದ ಮೇಲೆ ಅದೇ ಎಸೆತಕ್ಕೆ ಆತ ಕೈಗೆಟುಕುವುದಿಲ್ಲ. ನಾನು ಇದನ್ನರಿಯದೆ ಎಲ್ಲಾ ಹೊತ್ತಿನಲ್ಲೂ ಕೆಳಕ್ಕೇ ಎಸೆದು, ಹಿಂದೆಯೇ ನೆಗೆಯುತ್ತಿದ್ದೆ. ನನ್ನ ಅಕ್ಕನ ಮಗ ಮೇಲಿನಿಂದ ಕಾದಿದ್ದು ನನ್ನ ಕೊನೆಯ ಜೀವವನ್ನು ತೆಗೆದ. ‘ಮಾವ, ಎಸೆದ ಮೇಲೆ ಒಂದು ಸಲ ನೋಡಬೇಡವೆ?’ ಎಂದ.

ಎರಡನೆಯದು ಎದುರಾಳಿ ಬೀಳುವ ವೇಗ. 2001ರ ‘ಮೆಲೀ’ ಆವೃತ್ತಿಯಲ್ಲಿ ಫಾಕ್ಸ್ ಬಹು ಬೇಗ ನೆಲಕ್ಕಿಳಿಯುತ್ತಾನೆ. ಸಮತಟ್ಟಾದ ರಂಗದಲ್ಲಿ ಮಾರ್ತ್ ಅವನನ್ನು ಮೇಲಕ್ಕೆಸೆದು, ಬೀಳುತ್ತಲೇ ಹಿಡಿದು, ಮತ್ತೆ ಎಸೆಯಬಲ್ಲ. ಜಿಗ್ಲಿಪಫ್ ಎಂಬ ಗುಂಡನೆಯ ಪ್ರಾಣಿಯ ಮೇಲೆ ಇದನ್ನು ಮಾಡಿ ನೋಡಿ: ಬಲೂನಿನಂತೆ ತೇಲಿಹೋಗುತ್ತದೆ, ಮಾರ್ತ್ ಕೆಳಗೆ ಬರಿಗೈಯಲ್ಲಿ ನಿಂತಿರುತ್ತಾನೆ.

ಇಷ್ಟು ತಿಳಿದರೂ ಸಾಲದು; ಎಸೆಸಿಕೊಂಡವನೂ ಸುಮ್ಮನಿರುವುದಿಲ್ಲವಷ್ಟೆ. ಕೈಯಲ್ಲಿರುವ ಕಡ್ಡಿಯನ್ನು ಒಂದು ಪಕ್ಕಕ್ಕೆ ಒತ್ತಿ ತಾನು ಹಾರುವ ಹಾದಿಯನ್ನು ಕೊಂಚ ಬಾಗಿಸಬಲ್ಲ. ಆದ್ದರಿಂದ ಫಾಕ್ಸ್ ಆಡುವ ನುರಿತವರು ಮೇಲಕ್ಕೆಸೆದೊಡನೆ ಕುರುಡಾಗಿ ನೆಗೆಯುವುದಿಲ್ಲ. ಆತ ಎಡಕ್ಕೆ ಬಾಗಿದನೋ ಬಲಕ್ಕೋ ಎಂದು ನೋಡಿ, ಅವನಡಿಗೆ ಓಡಿ, ಆಮೇಲೆ ಮೇಲ್ಮುಖವಾಗಿ ಒದೆಯುತ್ತಾರೆ. ಒಂದೇ ಎಸೆತವನ್ನು ನೆಚ್ಚಿಕೊಂಡರೆ ಎದುರಾಳಿ ಮೊದಲೇ ಕಡ್ಡಿ ಒತ್ತಿ ಕಾದಿರುತ್ತಾನೆ. ಎರಡು ಎಸೆತಗಳನ್ನು ಬದಲಿಸುತ್ತಿದ್ದರೆ ಅವನು ಊಹಿಸಬೇಕಾಗುತ್ತದೆ. ಅಭ್ಯಾಸಕ್ಕೆಂದು ಸುಮ್ಮನೆ ನಿಲ್ಲಿಸಿದ ಗೊಂಬೆ ಹೀಗೆ ಬಾಗುವುದಿಲ್ಲ. ಅದರ ಮೇಲೆ ಬಿದ್ದ ಏಟುಗಳೆಲ್ಲ ಮನುಷ್ಯನ ಮೇಲೂ ಬೀಳುತ್ತವೆಂದು ನಂಬಬೇಡಿ.

ಕೆಲವು ಎಸೆತಗಳಿಗೆ ಮುಂದಿನ ಏಟೇ ಬೇಕಿಲ್ಲ. ‘ಅಲ್ಟಿಮೇಟ್’ನ ನೆಸ್ ಎಂಬ ಹುಡುಗ ರಂಗದ ಅಂಚಿಗೆ ಬೆನ್ನು ಮಾಡಿ, ಶೇಕಡ 120 ದಾಟಿದವನನ್ನು ಹಿಂದಕ್ಕೆಸೆದರೆ ಸಾಧಾರಣ ತೂಕದವನು ಮರಳಿ ಬರುವುದು ಕಷ್ಟ. ಆ ಅಂಕಿಯಲ್ಲಿ ನಿಮ್ಮನ್ನು ನೆಸ್ ಅಟ್ಟಿಕೊಂಡು ಬಂದರೆ, ಅಂಚಿನ ಬಳಿ ಗುರಾಣಿ ಹಿಡಿದು ನಿಲ್ಲಬೇಡಿ.