ಇಳಿಯುವ ವಿದ್ಯೆ

ಹತ್ತಿದವರ ಸಾಹಸವನ್ನು ಲೋಕವು ಕೊಂಡಾಡುತ್ತದೆ, ಇಳಿದವರನ್ನು ಕೇಳುವವರಿಲ್ಲ. ಆದರೆ ತೆಂಗಿನ ಮರವೇರಿದವನು ಗೊನೆ ಕಡಿದನೆಂದು ಅವನ ಮನೆಯವರಿಗೆ ನೆಮ್ಮದಿಯಾಗುವುದಿಲ್ಲ. ಅವನ ಕಾಲು ನೆಲ ಮುಟ್ಟಿದ ಮೇಲೆಯೇ ಆ ಮಾತು. ಈ ಸಣ್ಣ ಸತ್ಯ ನನಗೆ ಮನವರಿಕೆಯಾದುದು ಪುಸ್ತಕದಿಂದಲ್ಲ, ರಾಮನಗರದ ಬಳಿಯ ಒಂದು ಬಂಡೆಯ ನೆತ್ತಿಯಲ್ಲಿ.

ಆ ಸೀಮೆಯ ಬಂಡೆಗಳನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಅವುಗಳ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ರಾಮದೇವರ ಬೆಟ್ಟ ೨೦೧೨ರಿಂದ ರಣಹದ್ದುಗಳ ಧಾಮವಾದುದರಿಂದ, ಆ ಹಕ್ಕಿಗಳ ನೆಮ್ಮದಿ ಕೆಡಬಾರದೆಂದು ನಾವು ದೂರದ ಬೇರೊಂದು ಬಂಡೆಯನ್ನು ಆರಿಸಿಕೊಂಡಿದ್ದೆವು. ಕಾಲೇಜಿನ ಎಂಟು ಮಂದಿ ವಿದ್ಯಾರ್ಥಿಗಳು. ಅವರ ಕಾವಲಿಗೆ ಕನ್ನಡ ಮೇಷ್ಟರಾದ ನಾನು. ನಮಗೆಲ್ಲ ಗುರುವಾಗಿ, ನನ್ನ ಅರ್ಧ ವಯಸ್ಸಿನ ಒಬ್ಬ ತರುಣ.

ಹಗ್ಗ ಹಿಡಿದು ಬಂಡೆಯಿಳಿಯುವುದಕ್ಕೆ ಜರ್ಮನರು ‘ಆಬ್‌ಸೈಲ್’ ಎನ್ನುತ್ತಾರೆ: ಹಗ್ಗದಿಂದ ಕೆಳಕ್ಕೆ ಎಂದರ್ಥ. ಫ್ರೆಂಚರ ‘ರಾಪೆಲ್’ ಎಂಬ ಮಾತಿಗೆ ಮರಳಿ ಕರೆಯುವುದೆಂದು ಅರ್ಥ. ಕರೆಯುವುದು ಯಾರನ್ನು? ಹಗ್ಗವನ್ನು! ಹಗ್ಗದ ನಡುವನ್ನು ಮೇಲಿನ ಉಂಗುರದಲ್ಲಿ ನಿಲ್ಲಿಸಿ, ಎರಡು ಎಳೆಗಳನ್ನೂ ಹಿಡಿದು ಇಳಿದು, ಆಮೇಲೆ ಒಂದೆಳೆಯನ್ನು ಜಗ್ಗಿದರೆ ಹಗ್ಗವೆಲ್ಲ ನಮ್ಮ ಕಾಲಬುಡಕ್ಕೆ ಬಂದು ಬೀಳುತ್ತದೆ. ಆಲ್ಪ್ಸ್ ಪರ್ವತದ ಮಾರ್ಗದರ್ಶಿ ಜಾನ್ ಶಾರ್ಲೆ ೧೮೭೦ರ ದಶಕದಲ್ಲಿ ಈ ಉಪಾಯವನ್ನು ಕಂಡುಕೊಂಡನೆಂದು ಹೇಳುತ್ತಾರೆ.

ಆ ತರುಣನು ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳಿದ ಕ್ರಮವನ್ನು ನೋಡಿ ನನಗೆ ಅಸೂಯೆಯಾಯಿತು. ಮೊದಲನೆಯದು ಆಧಾರ. ಒಂದು ಕಿತ್ತುಬಂದರೂ ಇನ್ನೊಂದು ಹೊರುವಂತೆ ಎರಡಿರಬೇಕು. ಅವೆರಡನ್ನೂ ಕೂಡಿಸುವ ಪಟ್ಟಿಗಳ ನಡುವಣ ಕೋನ ಕಿರಿದಾಗಿರಬೇಕು. ಕೋನವು ೬೦ ಡಿಗ್ರಿಯಿದ್ದರೆ ಒಂದೊಂದರ ಮೇಲೆ ಭಾರದ ನೂರಕ್ಕೆ ೫೮ ಪಾಲು ಬೀಳುತ್ತದೆ. ೧೨೦ ಡಿಗ್ರಿಯಾದರೆ ಒಂದೊಂದೂ ಪೂರ್ತಿ ಭಾರವನ್ನೇ ಹೊರಬೇಕು. ಮುನಿಸಿಕೊಂಡು ದೂರ ನಿಂತ ಅಣ್ಣತಮ್ಮಂದಿರು ಪಲ್ಲಕ್ಕಿ ಹೊತ್ತಂತೆ! ಹಗ್ಗವು ಪಟ್ಟಿಯ ಮೇಲೆಯೇ ಹಾಯಬಾರದು. ನೈಲಾನು ನೈಲಾನನ್ನು ಉಜ್ಜಿದರೆ ಕಾವೇರಿ ಕರಗುತ್ತದೆ. ಆದ್ದರಿಂದಲೇ ನಡುವೆ ಲೋಹದ ಉಂಗುರ.

ಎರಡನೆಯದು ಇಳಿಯುವವನ ಕಾವಲು. ಕೈಯಲ್ಲಿ ಹಿಡಿದ ಹಗ್ಗ ಜಾರಿದರೆ? ಆಸ್ಟ್ರಿಯದ ಕಾರ್ಲ್ ಪ್ರೂಸಿಕನು ೧೯೩೧ರಲ್ಲಿ ಪ್ರಕಟಿಸಿದ ಗಂಟೊಂದುಂಟು. ಸಡಿಲವಿದ್ದಾಗ ಹಗ್ಗದ ಮೇಲೆ ಸರಿಯುತ್ತದೆ, ಭಾರ ಬಿದ್ದೊಡನೆ ಕಚ್ಚಿಕೊಳ್ಳುತ್ತದೆ. ತಡೆಯುವ ಸಾಧನದ ಕೆಳಗೆ ಅಂಥದೊಂದನ್ನು ಸುತ್ತಿಕೊಳ್ಳಬೇಕು. ಹೊಸ ಹಗ್ಗದ ಮೇಲೆ ಮೈಭಾರ ಬಿಟ್ಟು ನೋಡಿದ ಮೇಲೆಯೇ ಆಧಾರಕ್ಕೆ ಕಟ್ಟಿಕೊಂಡ ತನ್ನ ಪಟ್ಟಿಯನ್ನು ಬಿಚ್ಚಬೇಕು. ಕೊನೆಯದಾಗಿ, ಹಗ್ಗದ ಎರಡು ತುದಿಗಳಿಗೂ ದಪ್ಪನೆಯ ಗಂಟು ಹಾಕಬೇಕು.

ಆದರೆ ಗಂಟೆಂದರೆ ಸದಾ ರಕ್ಷೆಯೇ ಎಂದು ತಿಳಿಯಬೇಡಿರೆಂದು ಅವನು ಎಚ್ಚರಿಸಿದ. ೧೯೩೬ರ ಜುಲೈ ತಿಂಗಳಲ್ಲಿ ಐಗರ್ ಪರ್ವತದ ಉತ್ತರ ಮುಖದಿಂದ ಇಳಿಯುತ್ತಿದ್ದ ಟೋನಿ ಕುರ್ಟ್ಸ್, ಎರಡು ಹಗ್ಗಗಳನ್ನು ಕೂಡಿಸಿದ್ದ ಗಂಟು ಕ್ಯಾರಬೀನರಿನಲ್ಲಿ ಸಿಕ್ಕಿಕೊಂಡು, ರಕ್ಷಿಸಲು ಬಂದವರ ಕಣ್ಣೆದುರಿಗೆ ಕೆಲವೇ ಮೀಟರುಗಳ ಅಂತರದಲ್ಲಿ ತೀರಿಕೊಂಡನು. ಯಾವ ಗಂಟು ಎಲ್ಲಿ ನಿಲ್ಲುವುದೆಂದು ಮೊದಲೇ ಯೋಚಿಸಬೇಕು.

ನಮ್ಮ ಹಗ್ಗ ೬೦ ಮೀಟರಿನದು. ಬಂಡೆಯ ಎತ್ತರ ೨೫. ಹಗ್ಗದ ನಡುವನ್ನು ಹುಡುಕಿ ಉಂಗುರದಲ್ಲಿ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ತುದಿಗಳನ್ನೂ ಜೊತೆಗಿಟ್ಟು ಮಡಿಸುತ್ತ ಬಂದಿದ್ದರೆ ಐದು ನಿಮಿಷದ ಕೆಲಸ. ಹಗ್ಗದ ಮೇಲೆ ಕಂಡ ಒಂದು ಕರಿಯ ಕಲೆಯನ್ನೇ ನಡುವಿನ ಗುರುತೆಂದು ತಿಳಿದು ನಾನು ಕೈ ತೊಳೆದುಕೊಂಡೆ. ಹಗ್ಗವನ್ನು ಹಾವೆಂದು ಭ್ರಮಿಸಿದವನ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೇನೋ!

“ನಡು ಸರಿಯಾಗಿ ನೋಡಿದಿರಾ, ಮೇಷ್ಟ್ರೇ?” ಎಂದು ತರುಣ ಕೇಳಿದ.

“ನೋಡಿದೆನಪ್ಪ” ಎಂದೆ. ಹುಡುಗರಿಗೆಂದು ತಂದಿದ್ದ ರಕ್ಷಣೆಯ ಎರಡನೆಯ ಹಗ್ಗವನ್ನೂ ಬೇಡವೆಂದೆ. ಮೂರು ವರ್ಷ ಅವನ ಜೊತೆ ಓಡಾಡಿದ ಅನುಭವವಲ್ಲವೆ?

ಬಂಡೆಯ ಉಬ್ಬು ದಾಟಿದ ಮೇಲೆ ಮೇಲಿನವರು ಕಾಣದಾದರು. ಇಳಿಯುತ್ತ, ಇಳಿಯುತ್ತ, ಬಲಗೈಗೆ ಏನೋ ಗಟ್ಟಿಯಾದುದು ತಗುಲಿತು. ನೋಡಿದರೆ ಒಂದೆಳೆಯ ತುದಿಯ ಗಂಟು! ಇನ್ನೊಂದೆಳೆ ನೆಲದ ಮೇಲೆ ಸುರುಳಿಯಾಗಿ ಬಿದ್ದಿತ್ತು. ನೆಲ ಇನ್ನೂ ಮೂರಾಳು ಕೆಳಗೆ. ಅಲ್ಲಿ ಚೂಪಾದ ಕಲ್ಲುಗಳು. ಆ ಗಂಟಿಲ್ಲದಿದ್ದರೆ ಗಿಡ್ಡ ತುದಿ ಸಾಧನದಿಂದ ನುಸುಳಿಹೋಗಿ, ಹಗ್ಗವು ಉಂಗುರದೊಳಗಿಂದ ಸರಸರನೆ ಹರಿದು, ನಾನು ಅದರೊಡನೆ ಹೋಗಿರುತ್ತಿದ್ದೆ. ಕೂಗಿದೆ. ಅವನು ಎರಡನೆಯ ಹಗ್ಗವನ್ನು ಇಳಿಬಿಟ್ಟು, ಅದಕ್ಕೆ ನನ್ನನ್ನು ಸೇರಿಸಿಕೊಳ್ಳುವಂತೆ ಹೇಳಿ, ಮೆಲ್ಲಗೆ ನೆಲಕ್ಕೆ ಮುಟ್ಟಿಸಿದ.

ಅವನು ನನ್ನನ್ನು ಗದರಿಸಲಿಲ್ಲ. ಸಂಜೆ ಹಗ್ಗ ಸುತ್ತುತ್ತ ಇಷ್ಟೇ ಹೇಳಿದ: “ತಪ್ಪು ನಂದೂ ಇದೆ, ಮೇಷ್ಟ್ರೇ. ನಿಮ್ಮ ಮಾತನ್ನ ನೋಡಿದೆ, ಹಗ್ಗ ನೋಡಲಿಲ್ಲ.”

ಮಾರ್ಚ್ ತಿಂಗಳಲ್ಲಿ ಉತ್ತರ ಪತ್ರಿಕೆಗಳು ಬಂದವು. ಅಂಕಗಳ ಮೊತ್ತವನ್ನು ಸರಿನೋಡಿದ್ದೇನೆಂದು ರುಜು ಹಾಕುವ ಜಾಗಕ್ಕೆ ಬಂದಾಗ ನನ್ನ ಲೇಖನಿ ನಿಂತಿತು. ಮೊದಲ ಪುಟಕ್ಕೆ ತಿರುಗಿ, ಮತ್ತೊಮ್ಮೆ ಕೂಡತೊಡಗಿದೆ.